ವಿಕೆಟ್ಟಿನ ಕಲ್ಲು

ನಮ್ಮ ಎದುರು ಮನೆಯ ಹಿರಿಯರ ಬೊಜ್ಜದ ದಿನ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಊಟಕ್ಕೆ ಕೂತಿದ್ದೆವು. ಉತ್ತರಕ್ರಿಯೆಯ ಆ ಊಟಕ್ಕೆ ಮೊದಲು ಸತ್ತವರ ಬಗ್ಗೆ ಮೈಕಿನಲ್ಲಿ ನಾಲ್ಕು ಮಾತು ಆಡುವುದು ಈಗ ನಮ್ಮ ಕಡೆ ರೂಢಿಯಾಗಿದೆ. ನಮ್ಮ ಲೇಔಟಿನ ಪರವಾಗಿ ಮಾತಾಡಿದವರು, ದಿವಂಗತರು ದೈವಭಕ್ತರೆಂದೂ, ನಮ್ಮಲ್ಲಿ ಗುಳಿಗ ದೈವದ ಸಾನ್ನಿಧ್ಯ ಇರುವುದನ್ನು ಗುರುತಿಸಿ ಆ ಜಾಗವನ್ನು ಕಾಪಾಡಿಕೊಟ್ಟ ಪುಣ್ಯಾತ್ಮರೆಂದೂ ಹೇಳಿದರು. ಸಾಲಿನುದ್ದಕ್ಕೂ ತಲೆಗಳು ಆಡಿದವು. ನನ್ನ ತಲೆ ಆಡಲಿಲ್ಲ. ಆ ಮನುಷ್ಯನ ಕೊನೆಗಾಲದ ಒಂದೇ ಒಂದು ಆಸೆ, ಮಕ್ಕಳಿಗೆ ಓಡಲು ಒಂದು ಮುಷ್ಟಿ ನೆಲ ಉಳಿಯಬೇಕು ಎಂಬುದಾಗಿತ್ತು. ಆ ನೆಲ ಹೋದದ್ದು ಅವರದೇ ಕೈಯಿಂದ. ಅದನ್ನು ನೆನೆದು ನೆನೆದೇ ಅವರು ಸೊರಗಿದ್ದು.

ಮೈಕಿನ ಹತ್ತಿರ ಹೋಗಿ ಇದನ್ನೆಲ್ಲ ಹೇಳುವ ಹೆಂಗಸು ನಾನಲ್ಲ. ಮೂಡುಬಿದಿರೆಯ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಕೌಂಟರಿನ ಈಚೆ ಕೂತು ಜನರೊಡನೆ ಸಿಡುಕಿ ಅಭ್ಯಾಸವೇ ಹೊರತು ಭಾಷಣ ಮಾಡಿ ಅಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರ ಮನೆಯವರು ಇನ್ನೂ ನಮ್ಮ ನೆರೆಯವರು, ನಾಳೆ ಬೆಳಿಗ್ಗೆ ಹಾಲಿಗೆ ನಾನು ಅವರ ಗೇಟಿನ ಮುಂದೆಯೇ ಹೋಗಬೇಕು. ಲೇಔಟಿನಲ್ಲಿ ದೊಡ್ಡವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು, ಮಕ್ಕಳು ಅಜ್ಜ ಎನ್ನುತ್ತಿದ್ದರು. ಎರಡರಲ್ಲಿ ಅಜ್ಜ ಎಂದರೆ ಅವರಿಗೆ ಹೆಚ್ಚು ಇಷ್ಟ.

ಯಜಮಾನರು ಎನ್ನುವುದು ಬರಿಯ ಮರ್ಯಾದೆಯ ಮಾತಾಗಿರಲಿಲ್ಲ. ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ, ಬಸ್ ಸ್ಟಾಪಿನಿಂದ ಸ್ವಲ್ಪ ಒಳಗೆ, ಈಗ ನಮ್ಮ ಮನೆಗಳೆಲ್ಲ ನಿಂತಿರುವ ನೆಲ ಒಂದು ಕಾಲಕ್ಕೆ ಅವರ ಕುಟುಂಬದ್ದು. ಕೆಳಗೆ ಗದ್ದೆ, ಮೇಲೆ ಸಣ್ಣ ಗುಡ್ಡೆ. ಅವರು ಸಣ್ಣ ಪ್ರಾಯದಲ್ಲೇ ಬೊಂಬಾಯಿಗೆ ಹೋಗಿ ಕ್ಯಾಂಟೀನು ನಡೆಸಿ, ಕೂದಲು ಬಿಳಿಯಾದ ಮೇಲೆ ವಾಪಸು ಬಂದವರು. ಬಂದಾಗ ಸೋದರಮಾವ ತೀರಿಕೊಂಡು, ಅಳಿಯಸಂತಾನದ ಪದ್ಧತಿಯಂತೆ ಕುಟುಂಬದ ಯಜಮಾನಿಕೆ ಇವರ ತಲೆಗೆ ಬಿತ್ತು. ಬೇಸಾಯ ಮಾಡುವವರಿಲ್ಲ, ಪಾಲುದಾರರಿಗೆಲ್ಲ ಕೈಗೆ ಬರುವುದು ಬೇಕು. ಇಟಾಚಿ ಯಂತ್ರ ತರಿಸಿ ಗುಡ್ಡೆ ಕಡಿಸಿ, ಆ ಮಣ್ಣಿನಿಂದಲೇ ಗದ್ದೆ ತುಂಬಿಸಿ, ಸೈಟು ಮಾಡಿ ಮಾರಿಸಿದರು. ಮಾರಿ ಉಳಿದ ಒಂದು ಐದು ಸೆಂಟ್ಸಿನಲ್ಲಿ ತಾವೂ ಒಂದು ತಾರಸಿ ಮನೆ ಕಟ್ಟಿಕೊಂಡು ನಮ್ಮ ಎದುರು ಮನೆಯವರಾದರು.

ಬಿಳಿ ಮುಂಡು, ಅರ್ಧ ತೋಳಿನ ಬನಿಯನು, ಅಂಗಿಯ ಕಾಲರು ಇಲ್ಲದ ಕಾರಣ ಬನಿಯನಿನ ಕುತ್ತಿಗೆಗೇ ಹಿಂದಿನಿಂದ ಸಿಕ್ಕಿಸಿಕೊಂಡ ಕೊಡೆ. ಬಿಸಿಲಿರಲಿ ಮಳೆಯಿರಲಿ ಆ ಕೊಡೆ ಬೆನ್ನಮೇಲೆ ತೂಗಾಡುತ್ತಿತ್ತು, ಬಿಡಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಸಂಜೆ ಶಾಲೆಯ ವ್ಯಾನುಗಳು ಬರುವ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಹೊರಗೆ ತಂದು ಹಾಕಿಕೊಂಡು ಲೇಔಟಿನ ಮೂಲೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು.

ಆ ಮೂಲೆಯಲ್ಲಿ ಸೈಟು ಮಾಡದೆ ಬಿಟ್ಟ ಒಂದು ತುಂಡು ನೆಲವಿತ್ತು. ಅಂಚಿನಲ್ಲಿ ಒಂದು ಪಾಲೆ ಮರ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಲೇಔಟಿನವರೆಲ್ಲ ಅದರ ತೊಗಟೆ ಕೆತ್ತಿಕೊಂಡು ಹೋಗಿ ಕಷಾಯ ಕುಡಿಯುತ್ತಿದ್ದೆವು. ಉಳಿದ ಮುನ್ನೂರ ಚಿಲ್ಲರೆ ದಿನವೂ ಅದು ಮಕ್ಕಳದ್ದು. ಲಗೋರಿ, ಕುಟ್ಟಿದೊಣ್ಣೆ, ಕ್ರಿಕೆಟ್ಟು. ಮರದ ಬುಡದಿಂದ ಸ್ವಲ್ಪ ಈಚೆಗೆ ಮೊಣಕಾಲೆತ್ತರದ ಒಂದು ಕಪ್ಪು ಕಲ್ಲು ನಿಲ್ಲಿಸಿದ್ದರು, ಅದೇ ವಿಕೆಟ್ಟು. ನನ್ನ ಮಗಳು ಆಗ ಮೂರನೇ ಕ್ಲಾಸು. ತೆಂಗಿನ ಕೊತ್ತಳಿಗೆಯ ಬ್ಯಾಟು ಹಿಡಿದು ಆ ಕಲ್ಲಿನ ಮುಂದೆ ನಿಂತರೆ ಅಡುಗೆ ಮನೆಯಿಂದ ನಾನು ಎಷ್ಟು ಕೂಗಿದರೂ ಕೇಳಿಸದು.

ಮಗು ಬಿದ್ದು ಅತ್ತರೆ ಯಜಮಾನರು ಕುರ್ಚಿಯಿಂದ ಏಳುತ್ತಿರಲಿಲ್ಲ. ಕೂತಲ್ಲಿಂದಲೇ ಒಂದು ಚಪ್ಪಾಳೆ ತಟ್ಟಿ, "ಬಿದ್ದದ್ದು ನೆಲಕ್ಕೇ ಅಲ್ವಾ, ಬಾವಿಗೆ ಅಲ್ಲವಲ್ಲ. ಏಳು ಏಳು" ಎನ್ನುವರು. ಮೊದಮೊದಲು ನನಗೆ ಇದರಿಂದ ಸಿಟ್ಟು ಬರುತ್ತಿತ್ತು, ಪರರ ಮಕ್ಕಳ ಮೊಣಕಾಲು ಇವರಿಗೆ ತಮಾಷೆ ಎಂದು. ಆಮೇಲೆ ನೋಡಿದೆ, ಅವರ ಚಪ್ಪಾಳೆ ಕೇಳಿದ ಮಗು ಅಳುವುದನ್ನು ಅರ್ಧಕ್ಕೆ ಬಿಟ್ಟು ಓಡುತ್ತಿತ್ತು. ನಾನು ಓಡಿ ಹೋಗಿ ಎತ್ತಿದ ದಿನ ಮಾತ್ರ ಅಳು ಅರ್ಧ ತಾಸು.

ಲೇಔಟನ್ನು ತಾವೇ ಮಾಡಿಸಿದವರು, ಅದನ್ನು ಬೈಯುವುದರಲ್ಲೂ ಅವರೇ ಮುಂದೆ. ನಮ್ಮದು ಒಳ್ಳೆಯ ಲೇಔಟೇ. ಎರಡು ಕಾರು ಎದುರುಬದುರು ಹೋಗುವಷ್ಟು ರಸ್ತೆ, ಎಲ್ಲರಿಗೂ ಕೆಂಪು ಕಲ್ಲಿನ ಕಂಪೌಂಡು, ಸ್ಟೀಲಿನ ಗೇಟು. ಕಾಲುದಾರಿ ಮಾತ್ರ ಎಲ್ಲೂ ಇಲ್ಲ. ಹಿಂದಿನ ಮನೆಯ ಮಗು ನಮ್ಮ ಮನೆಗೆ ಬರಬೇಕಾದರೆ ಮುಖ್ಯ ರಸ್ತೆಯವರೆಗೆ ಹೋಗಿ ಸುತ್ತಿ ಬರಬೇಕು. ಮಧ್ಯೆ ಇರುವುದು ಒಂದು ಗೋಡೆ. ಮೊದಲು ಅಲ್ಲಿ ತಡಮೆ ಇತ್ತಂತೆ. ಬೇಲಿಯ ನಡುವೆ ದನ ದಾಟದ ಹಾಗೆ, ಮನುಷ್ಯ ದಾಟುವ ಹಾಗೆ ಮರದ ಅಡ್ಡೆ ಇಟ್ಟ ಎಡೆ. ಗದ್ದೆಯ ಬದು, ನಮ್ಮ ಕಟ್ಟಪುಣಿ, ಹಿಡಿದು, ತಡಮೆ ಹಾರಿ, ಸುತ್ತಿನ ಮನೆಗಳ ಮಕ್ಕಳೆಲ್ಲ ಒಂದೇ ಕಡೆ ಬಂದು ಸೇರುತ್ತಿದ್ದರು ಎಂದು ಅವರು ಹೇಳುತ್ತಿದ್ದರು.

ಒಮ್ಮೆ ನಾನು, ಹಾಗಾದರೆ ನೀವು ಯಾಕೆ ತೆಗೆಸಿದ್ದು ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಅಂಥದ್ದು. ಅವರು ಬೇಸರಪಡಲಿಲ್ಲ.

"ಸೈಟಿಗೆ ಬಂದವರೆಲ್ಲ ಕಾರು ತಿರುಗ್ತದಾ ಅಂತ ಕೇಳಿದ್ರು ಮಗಾ. ಮಗು ತಿರುಗ್ತದಾ ಅಂತ ಒಬ್ಬರೂ ಕೇಳ್ಲಿಲ್ಲ. ನನಗೂ ನೆನಪಾಗ್ಲಿಲ್ಲ."

ಬೊಂಬಾಯಿಯ ಚಾಳಿನ ಕತೆ ಅವರಿಗೆ ಪ್ರಿಯ. ಅವರ ಕ್ಯಾಂಟೀನಿನ ಮೇಲೆಯೇ ಚಾಳು. ಪ್ಯಾಸೇಜಿನಲ್ಲಿ ಮಕ್ಕಳ ಕ್ರಿಕೆಟ್ಟು, ನೇರ ಹೊಡೆದರೆ ರನ್ನು, ಯಾರದ್ದಾದರೂ ಬಾಗಿಲಿನೊಳಗೆ ಹೋದರೆ ಔಟು. ಅಲ್ಲಿ ಮನೆ ಬೆಂಕಿಪೆಟ್ಟಿಗೆಯಷ್ಟು, ಬಾಗಿಲು ತೆರೆದರೆ ಮಕ್ಕಳು ತಾವಾಗಿ ಹೊರಗೆ ಬೀಳುತ್ತಿದ್ದರಂತೆ. ಇಲ್ಲಿ ಬಾಗಿಲು ತೆರೆದರೆ ಕಾರು, ಕಾರಿನಾಚೆ ಗೇಟು, ಗೇಟಿನಾಚೆ ರಸ್ತೆ, ಮಗು ಬೀಳುವುದಾದರೂ ಎಲ್ಲಿಗೆ ಎನ್ನುತ್ತಿದ್ದರು.

ಮೆಲ್ಕಾರಿನಲ್ಲಿ ಅವರ ತಂಗಿಯ ಮಗ ಟೈಲ್ಸ್ ಅಂಗಡಿ ಇಟ್ಟಿದ್ದ. ಅಂಗಡಿಯ ಮೇಲೆಯೇ ಮನೆ, ಎದುರು ಹೈವೇ. ಒಮ್ಮೆ ಅಲ್ಲಿಗೆ ಹೋಗಿ ಬಂದವರು ಎರಡು ದಿನ ಸಪ್ಪಗಿದ್ದರು. ಆ ಅಳಿಯನ ಹುಡುಗ ಮಹಡಿಯ ಕಿಟಕಿಯಲ್ಲಿ ಕೂತು ಹೈವೇಯ ಆಚೆ ಬದಿಯ ಮಕ್ಕಳು ಆಡುವುದನ್ನು ನೋಡುತ್ತಿದ್ದನಂತೆ. ದಾಟಿ ಹೋಗಲು ದೊಡ್ಡವರಿಗೇ ಎದೆ ನಡುಗುವ ರಸ್ತೆ. ಆಚೆಯ ಮಕ್ಕಳ ಹೆಸರು ಏನು ಎಂದು ಇವರು ಕೇಳಿದರೆ ಅವನಿಗೆ ಗೊತ್ತಿಲ್ಲ. ದಿನಾ ನೋಡುತ್ತಾನೆ, ಹೆಸರು ಗೊತ್ತಿಲ್ಲ. ಇದನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ.

ಕೆಟ್ಟ ಕಾಲ ಶುರುವಾದದ್ದು ಅದೇ ಅಳಿಯನಿಂದ, ಆದರೆ ಅವನು ಕೆಟ್ಟವನಲ್ಲ. ಮೂಲೆಯ ಆ ತುಂಡನ್ನು ಆಟದ ಜಾಗ ಎಂದು ಪಂಚಾಯತಿಗೆ ಬರೆದುಕೊಟ್ಟಿರಲಿಲ್ಲ. ಕುಟುಂಬದೊಳಗೆ ಬಾಯಿಮಾತಿನಲ್ಲೇ ಇತ್ತು. ಕಾಗದದ ಲೆಕ್ಕದಲ್ಲಿ ಅದು ಅಳಿಯನ ತಾಯಿಯ, ಎಂದರೆ ಮುಂಡಾಜೆಗೆ ಕೊಟ್ಟ ಯಜಮಾನರ ತಂಗಿಯ ಪಾಲು. ಅಳಿಯನಿಗೆ ಅಂಗಡಿ ದೊಡ್ಡದು ಮಾಡಬೇಕಿತ್ತು. ಅಮ್ಮನ ಪಾಲನ್ನು ಎರಡು ಸೈಟು ಮಾಡಿ ಮಾರುತ್ತೇನೆ ಎಂದ. ಅಳತೆಯವರು ಬಂದು ಗೂಟ ಹೊಡೆದು ಹೋದರು. ಮಕ್ಕಳು ಆ ಗೂಟಗಳನ್ನು ಬೌಂಡರಿ ಮಾಡಿಕೊಂಡರು, ಅವರಿಗೇನು.

ಯಜಮಾನಿಕೆ ಎಂದರೆ ಹಿಂದಿನ ಕಾಲದ ಹಾಗೆ ಒಂದು ಮಾತಿಗೆ ಎಲ್ಲರೂ ತಲೆಬಾಗುವ ಯಜಮಾನಿಕೆ ಈಗ ಎಲ್ಲಿದೆ? ಮುಂಡಾಜೆಗೆ ಹೋಗಿ ತಂಗಿಯಲ್ಲಿ ಹೇಳಿನೋಡಿದರು. ತಂಗಿ, ಮಗನ ಇಷ್ಟ ಎಂದಳು. ಮಗನೋ, ಮಕ್ಕಳಿಗೆ ಶಾಲೆಯಲ್ಲಿ ಗ್ರೌಂಡ್ ಇಲ್ಲವಾ ಮಾವ ಎಂದ. ವಾಪಸು ಬಂದ ಸಂಜೆ ಯಜಮಾನರು ಕುರ್ಚಿ ಹೊರಗೆ ತರಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿಗೆ ಹೊರಟಾಗ ನೋಡುತ್ತೇನೆ, ಅವರು ಪಾಲೆ ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಮಕ್ಕಳ ವಿಕೆಟ್ಟಿನ ಕಲ್ಲನ್ನು ಕಿತ್ತು ತಂದು ಮರಕ್ಕೆ ಒರಗಿಸಿ ಊರಿ, ಚೊಂಬಿನಿಂದ ನೀರು ಹೊಯ್ದು ತಿಕ್ಕುತ್ತಿದ್ದರು. ಪಕ್ಕದಲ್ಲಿ ಬಾಳೆಲೆಯ ತುಂಡಿನಲ್ಲಿ ಕೇಪಳ ಹೂ. ಎಂತ ಮಾಡ್ತಾ ಇದ್ದೀರಿ ಎಂದು ಕೇಳಿದೆ. ತಲೆಯೆತ್ತಿ, ಕಳ್ಳತನ ಮಾಡುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕರು.

"ಗುಳಿಗನನ್ನು ಕೂರಿಸ್ತಾ ಇದ್ದೇನೆ. ನನ್ನ ಮಾತು ಯಾರೂ ಕೇಳುವುದಿಲ್ಲ. ಅವನ ಮಾತು ಕೇಳ್ತಾರೆ."

ನನಗೂ ನಗು ಬಂತು. ಅವರಿಗೆ ದೈವದ ಮೇಲೆ ಭಕ್ತಿ ಇಲ್ಲ ಎಂದಲ್ಲ. ಕುಟುಂಬದ ದೈವಕ್ಕೆ ಕಾಲಕಾಲಕ್ಕೆ ಎಲ್ಲ ಮಾಡುತ್ತಿದ್ದರು. ಆದರೆ ತಮ್ಮ ದೈವ ಮಕ್ಕಳಿಗಾಗಿ ಇಷ್ಟು ಸಣ್ಣ ಸುಳ್ಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂಬ ಸಲಿಗೆ ಅವರದ್ದು. ಹೊರಗಿನವರಿಗೆ ಇದು ತಿಳಿಯುವುದು ಕಷ್ಟ. ನಮ್ಮ ಕಡೆ ಪಂಚಾಯತಿಯ ಬೋರ್ಡನ್ನು ಕಿತ್ತು ಕಟ್ಟಿಗೆ ಮಾಡಿಕೊಳ್ಳುವವರೂ ಗುಳಿಗನ ಕಲ್ಲಿರುವ ಕಡೆ ಒಂದು ಕಡ್ಡಿ ಮುರಿಯುವುದಿಲ್ಲ. ಅಂಥ ಜಾಗದಲ್ಲಿ ಮನೆ ಕಟ್ಟುವುದಂತೂ ದೂರದ ಮಾತು.

ಕೊಳ್ಳುವವರು ಜಾಗ ನೋಡಲು ಬಂದ ದಿನ ಯಜಮಾನರು ಕೊಡೆ ಬೆನ್ನಿಗೆ ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದರು. ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ, ಇಲ್ಲಿ ನಮ್ಮ ಮಾವನ ಕಾಲದ ಗುಳಿಗನ ಕಲ್ಲು ಉಂಟು, ಅವನನ್ನು ಒಂದು ಮಾತು ಕೇಳಿಕೊಂಡು ಮುಂದುವರಿಯಿರಿ, ಅಷ್ಟೇ ಎಂದರು. ಬೇರೆ ಯಾರು ಹೇಳಿದ್ದರೂ ಜನ ಸಂಶಯ ಪಡುತ್ತಿದ್ದರೇನೋ. ಹೇಳಿದ್ದು ಕುಟುಂಬದ ಯಜಮಾನ. ಬಂದವರು ಚಪ್ಪಲಿ ಕಳಚಿ ದೂರದಿಂದಲೇ ಕೈಮುಗಿದು ಕಾರು ಹತ್ತಿದರು. ಅಳಿಯನೂ ಗೂಟ ಕೀಳಿಸಿದ. ಸಂಜೆ ಮಕ್ಕಳು ಬಂದು ವಿಕೆಟ್ ಎಲ್ಲಿ ಎಂದು ಹುಡುಕಿದರು. ಯಜಮಾನರು ಅವರಿಗೆ ಒಂದು ಹಳೆಯ ಬಕೆಟು ತಂದುಕೊಟ್ಟರು.

ಆ ಬೇಸಿಗೆಯಷ್ಟು ಖುಷಿಯಲ್ಲಿ ಅವರನ್ನು ನಾನು ಯಾವತ್ತೂ ನೋಡಿಲ್ಲ. ಬಕೆಟಿಗೆ ಬಾಲು ಬಡಿದು ಟಣ್ ಎಂದಾಗಲೆಲ್ಲ ಕುರ್ಚಿಯಿಂದ ಔಟ್ ಕೊಡುತ್ತಿದ್ದರು. ಮಗಳು ಔಟಾಗಿ ಜಗಳ ತೆಗೆದರೆ, ಅಲ್ಲಿ ಮರದ ಬುಡದಲ್ಲಿ ಇರುವವನು ಥರ್ಡ್ ಅಂಪೈರ್, ಅವನನ್ನು ಕೇಳು ಹೋಗು ಎನ್ನುತ್ತಿದ್ದರು. ನನ್ನನ್ನು ಕಂಡರೆ ಕಣ್ಣು ಮಿಟುಕಿಸುವರು. ಎಪ್ಪತ್ತು ದಾಟಿದ ಮನುಷ್ಯ ಕಣ್ಣು ಮಿಟುಕಿಸಿದರೆ ಹೇಗಿರುತ್ತದೆ, ಯೋಚಿಸಿ.

ಮಳೆಗಾಲದಲ್ಲಿ ಅಳಿಯ ಸ್ಕೂಟರಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡ. ಹೈವೇಯ ಡೈವರ್ಷನ್ನಿನಲ್ಲಿ ಕೆಸರು, ಅಲ್ಲಿ ಬೀಳದವರು ಯಾರಿದ್ದಾರೆ? ಆದರೆ ಮುಂಡಾಜೆಯಲ್ಲಿ ಅವನ ತಾಯಿಗೆ ಅದು ಬರಿಯ ಕೆಸರು ಎನ್ನಿಸಲಿಲ್ಲ. ಪ್ರಶ್ನೆ ಇಡಿಸಿದಳು. ಜೋಯಿಸರು ಕವಡೆ ಹಾಕಿ, ಕುಟುಂಬದ ನೆಲದಲ್ಲಿ ದೈವವೊಂದು ಬಿಸಿಲು ಮಳೆಯಲ್ಲಿ ನಿಂತಿದೆ, ಸುತ್ತ ಮಕ್ಕಳು ಚಪ್ಪಲಿ ಕಾಲಿನಲ್ಲಿ ಕುಣಿಯುತ್ತಾರೆ, ಅದನ್ನು ಮಾರಲು ಹೊರಟದ್ದೂ ಅಪರಾಧ ಎಂದರಂತೆ. ಅಳಿಯನೋ, ಮಾಡಿದ ತಪ್ಪಿಗೆ ಪೂರ್ತಿ ಪ್ರಾಯಶ್ಚಿತ್ತ ಮಾಡುವ ಮನುಷ್ಯ. ಕಟ್ಟೆ ಕಟ್ಟಿಸುತ್ತೇನೆ, ಸುತ್ತ ಪಾಗಾರದ ಗೋಡೆ ಹಾಕಿಸುತ್ತೇನೆ, ಒಳಗೆಲ್ಲ ಇಂಟರ್‌ಲಾಕ್ ಸಿಮೆಂಟು ಕಲ್ಲು ಹಾಸಿಸುತ್ತೇನೆ, ವರ್ಷಕ್ಕೊಮ್ಮೆ ತಂಬಿಲದ ಸೇವೆ ಕೊಡುತ್ತೇನೆ ಎಂದು ಹರಕೆ ಹೊತ್ತ. ಮಾರಲು ಬಂದಾಗ ಒಂದು ತುಂಡನ್ನಾದರೂ ಬಿಡು ಎಂದು ಕೇಳಬಹುದಿತ್ತು. ದೈವಕ್ಕೇ ಕೊಡಲು ಬಂದವನಿಗೆ ಬೇಡ ಎನ್ನುವುದು ಹೇಗೆ?

ಪಾಗಾರಕ್ಕೆ ಕೆಸರುಕಲ್ಲು ಇಡುವ ದಿನ ಲೇಔಟಿನವರೆಲ್ಲ ಸೇರಿದ್ದೆವು. ತಂಗಿ ಮುಂಡಾಜೆಯಿಂದ ಬಂದಿದ್ದಳು. ಯಜಮಾನರು ಮುಂದೆ ಬಂದು, ತುಳುವಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಸತ್ಯ ಹೇಳಿಬಿಟ್ಟರು. ಇದು ಮಾವನ ಕಾಲದ ಕಲ್ಲಲ್ಲ. ಮಕ್ಕಳು ಕ್ರಿಕೆಟ್ ಆಡಲು ವಿಕೆಟ್ ಅಂತ ಇಟ್ಟುಕೊಂಡದ್ದು. ಜಾಗ ಉಳಿಯಲಿ ಎಂದು ನಾನೇ ತಂದು ಇಲ್ಲಿ ಊರಿದ್ದು. ಸುಳ್ಳು ನನ್ನದು, ಶಿಕ್ಷೆ ಇದ್ದರೆ ನನಗಿರಲಿ, ಮಕ್ಕಳ ಜಾಗಕ್ಕೆ ಗೋಡೆ ಹಾಕಬೇಡಿ. ಹೇಳುವಾಗ ಬೆನ್ನಿನ ಕೊಡೆ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು.

ಕಲ್ಲು ಎತ್ತಿದ್ದ ಮೇಸ್ತ್ರಿ ಅದನ್ನು ಕೆಳಗಿಟ್ಟ. ನನಗೆ ಆಸೆ ಹುಟ್ಟಿತು. ಆಗ ತಂಗಿ ಹತ್ತಿರ ಬಂದು ಅವರ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಅಣ್ಣಾ, ಇಷ್ಟು ಕಲ್ಲು ಇರುವಾಗ ನೀನು ಅದನ್ನೇ ಯಾಕೆ ಎತ್ತಿದ್ದು? ಇಡಿಸಿದ್ದು ಅವನೇ. ನಿನಗೆ ಗೊತ್ತಾಗ್ಲಿಲ್ಲ, ಅಷ್ಟೇ."

ಸುತ್ತ ನಿಂತವರ ಮೈಯೆಲ್ಲ ಜುಮ್ಮೆಂದದ್ದು ಕಾಣಿಸಿತು. ಹೆಂಗಸರು ಕೈಮುಗಿದರು. ನಾನೂ ಮುಗಿದೆ. ಗೊತ್ತಿದ್ದೂ ಮುಗಿದೆ, ಕೈ ತಾನಾಗಿ ಮೇಲೆ ಹೋಯಿತು, ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಯಜಮಾನರು ಕೊಡೆಯನ್ನು ಮತ್ತೆ ಬೆನ್ನಿಗೆ ಸಿಕ್ಕಿಸಿಕೊಂಡರು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಜನ, ಸತ್ಯ ಹೇಳಿದಾಗ ಅವರ ಮೇಲೆ ಇನ್ನಷ್ಟು ಭಕ್ತಿ ಇಟ್ಟರು.

ಗೋಡೆ ಎದ್ದಿತು. ಗೇಟಿಗೆ ಬೀಗ ಬಿತ್ತು. ಬೀಗದ ಕೈ ಮೂಡುಬಿದಿರೆಯಲ್ಲಿ ಅಂಗಡಿ ಇರುವ, ಕಟ್ಟೆ ನೋಡಿಕೊಳ್ಳಲು ಹೊಸದಾಗಿ ಮಾಡಿದ ಸಮಿತಿಯವರೊಬ್ಬರ ಹತ್ತಿರ. ಕೆಲಸ ಬಹಳ ಚಂದ ಮಾಡಿಸಿದ್ದರು, ಅದನ್ನೂ ಹೇಳಬೇಕು. ನೋಡಲು ಬಂದವರೆಲ್ಲ, ಎಷ್ಟು ಕ್ಲೀನಾಗಿ ಇಟ್ಟಿದ್ದೀರಿ ಎನ್ನುತ್ತಾರೆ.

ಯಜಮಾನರು ಸುಮ್ಮನೆ ಕೂರಲಿಲ್ಲ. ಸಂಜೆ ಮಕ್ಕಳನ್ನು ರಸ್ತೆಯಲ್ಲೇ ಆಡಲು ಬಿಟ್ಟು, ತಾವು ತಿರುವಿನಲ್ಲಿ ಕೊಡೆ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಕಾರು ಬಂದರೆ ಕೊಡೆ ಎತ್ತಿ ನಿಲ್ಲಿಸಿ, ಮಕ್ಕಳನ್ನು ಬದಿಗೆ ಸರಿಸಿ, ಆಮೇಲೆ ಬಿಡುವುದು. ಮೊದಲು ಎಲ್ಲರಿಗೂ ಮೋಜೆನಿಸಿತು. ಒಂದು ದಿನ ಯಾರದ್ದೋ ಹೊಸ ಕಾರಿನ ಕನ್ನಡಿಗೆ ಬಾಲು ಬಿತ್ತು. ಇನ್ನೊಂದು ದಿನ ಒಬ್ಬರಿಗೆ ಆಸ್ಪತ್ರೆಗೆ ಹೋಗುವ ಅವಸರ. ಅವರ ತಪ್ಪೂ ಅಲ್ಲ. ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ, ರಸ್ತೆ ಇರುವುದು ವಾಹನಗಳಿಗೆ ಎಂಬ ಮೆಸೇಜು ಬಂತು, ಅದಕ್ಕೆ ಹೆಬ್ಬೆರಳುಗಳು ಸಾಲಾಗಿ ಬಿದ್ದವು. ಒಂದೊಂದೇ ಮನೆಯ ಮಗು ಬರುವುದು ನಿಂತಿತು. ಒಬ್ಬನಿಗೆ ಟ್ಯೂಷನ್ನು, ಒಬ್ಬಳಿಗೆ ಅಬಾಕಸ್ಸು, ಉಳಿದವರಿಗೆ ಮೊಬೈಲು. ಯಜಮಾನರು ಗೇಟು ಗೇಟಿಗೆ ಹೋಗಿ ಕರೆಯುವುದನ್ನು ನಾನು ಕಂಡಿದ್ದೇನೆ. ಗೇಟಿನೊಳಗಿಂದ ನಾಯಿ ಬೊಗಳುತ್ತಿತ್ತು. ಸ್ವಲ್ಪ ಹೊತ್ತು ನಿಂತು ಮುಂದಿನ ಗೇಟಿಗೆ ಹೋಗುತ್ತಿದ್ದರು. ತಮ್ಮದೇ ನೆಲದಲ್ಲಿ ಭಿಕ್ಷೆಗೆ ಬಂದವರ ಹಾಗೆ ಕಾಣುತ್ತಿದ್ದರು.

ಕೊನೆಗೆ ಉಳಿದದ್ದು ನನ್ನ ಮಗಳು ಮತ್ತು ಹಿಂದಿನ ಮನೆಯ ಇಬ್ಬರು ಸಣ್ಣವರು. ಮಗಳು ಆರನೆಯ ಕ್ಲಾಸಿಗೆ ಬಂದಿದ್ದಳು. ಆ ಸಂಜೆ ಅವಳು ಹೊಡೆದ ಹಳದಿ ಟೆನ್ನಿಸ್ ಬಾಲು ಗೋಡೆ ಹಾರಿ ಒಳಗೆ ಬಿತ್ತು. ಒಳಗೆ ಬಿದ್ದ ಬಾಲನ್ನು ಯಾರೂ ತರುವುದಿಲ್ಲ, ಅದು ಕಟ್ಟಳೆಯೇ ಆಗಿಹೋಗಿತ್ತು. ಗೋಡೆಯ ಬದಿಯಲ್ಲಿ ಅಂಥ ಬಾಲುಗಳು ಬಣ್ಣಗೆಟ್ಟು ಬಿದ್ದಿದ್ದವು. ಗುಡಿಸಲು ಬರುವವಳೂ ಅವುಗಳ ಸುತ್ತ ಗುಡಿಸಿ ಹೋಗುತ್ತಿದ್ದಳು. ಮಗಳು ಅಳುವ ಮುಖ ಮಾಡಿದಳು, ಅದು ಅವಳ ಹುಟ್ಟುಹಬ್ಬಕ್ಕೆ ಬಂದ ಬಾಲು. ಯಜಮಾನರು ಏನೂ ಹೇಳದೆ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಹತ್ತಿದರು. ನಾನು ಗೇಟಿನಲ್ಲಿದ್ದೆ. ಬೇಡ ಯಜಮಾನ್ರೇ ಎಂದು ಕೂಗುವಷ್ಟರಲ್ಲಿ ಆಚೆ ಇಳಿದಿದ್ದರು. ಬಾಲು ಹಿಡಿದ ಕೈಯನ್ನು ಮೇಲೆತ್ತಿ ನಮಗೆ ತೋರಿಸಿದ್ದೂ ಕಂಡಿತು. ವಾಪಸು ಹತ್ತುವಾಗ ಒಳಬದಿಯಲ್ಲಿ ಕುರ್ಚಿ ಇಲ್ಲ. ಕಟ್ಟೆಯ ಅಂಚಿನಿಂದ ಗೋಡೆಗೆ ಕಾಲು ಚಾಚಿದವರು ಜಾರಿದರು. ಸದ್ದು ನಮಗೆ ಕೇಳಿಸಿತು.

ಬೀಗದ ಕೈ ಮೂಡುಬಿದಿರೆಯಿಂದ ಬರಬೇಕಿತ್ತು. ಅಷ್ಟರವರೆಗೆ ಅವರು ಒಳಗೇ ಮಲಗಿದ್ದರು. ನನ್ನ ಗಂಡನೂ ಪಕ್ಕದ ಮನೆಯವರೂ ಗೋಡೆ ಹಾರಿ ಅವರ ಹತ್ತಿರ ಹೋಗಿ ಕೂತರು. ಹಾರುವ ಮೊದಲು ಇಬ್ಬರೂ ಚಪ್ಪಲಿ ಕಳಚಿಟ್ಟರು. ಮಗಳು ನನ್ನ ಸೊಂಟಕ್ಕೆ ಮುಖ ಒತ್ತಿಕೊಂಡು ನಿಂತಿದ್ದಳು.

ಸೊಂಟದ ಎಲುಬು ಮುರಿದಿತ್ತು. ಆಸ್ಪತ್ರೆಗೆ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದರು. ಧ್ವನಿ ಸಣ್ಣದಾಗಿತ್ತು.

"ನೆಲಕ್ಕೆ ಬಿದ್ದಿದ್ರೆ ಏಳ್ತಿದ್ದೆ ಮಗಾ. ಇಂಟರ್‌ಲಾಕಿಗೆ ಬಿದ್ದೆ."

ಅವರು ನಕ್ಕರು, ನನಗೆ ಆಗಲಿಲ್ಲ. ಆಮೇಲೆ ಬಾಲು ಮಗುವಿಗೆ ಕೊಟ್ಟೆಯಾ ಎಂದು ಕೇಳಿದರು. ಬಿದ್ದಾಗಲೂ ಕೈಯಿಂದ ಬಿಟ್ಟಿರದ ಆ ಬಾಲನ್ನು ನನ್ನ ಗಂಡ ಮನೆಗೆ ತಂದಿದ್ದರು. ಕೊಟ್ಟೆ ಎಂದೆ.

ಊರಿನಲ್ಲಿ ಮಾತು ಬೇರೆಯೇ ಹೊರಟಿತ್ತು. ಚಪ್ಪಲಿ ಕಾಲಿನಲ್ಲಿ ಒಳಗೆ ಹಾರಿದರಂತೆ. ಇಲ್ಲಿ ದೈವವೇ ಇಲ್ಲ ಎಂದು ಎಲ್ಲರೆದುರು ಹೇಳಿದ್ದರಲ್ಲ, ಈಗ ನೋಡಿ, ತೋರಿಸಿಕೊಟ್ಟಿತು. ಯಾರೂ ದ್ವೇಷದಿಂದ ಹೇಳಿದ್ದಲ್ಲ. ಮರುಕದಿಂದ, ಮೆಲ್ಲನೆ, ಮಕ್ಕಳಿಗೆ ಬುದ್ಧಿ ಹೇಳುವಾಗ ಹೇಳಿದರು. ಕಲ್ಲು ಊರಿ ಶುರುಮಾಡಿದ ಕತೆಗೆ ಅವರ ಸೊಂಟವೇ ಸಾಕ್ಷಿಯಾಯಿತು. ಆ ದಿನದಿಂದ ಸಂಜೆ ನಮ್ಮ ರಸ್ತೆಯಲ್ಲಿ ಒಂದು ಮಗುವೂ ಇಲ್ಲ. ಎದ್ದು ಓಡಾಡುವ ಭಾಗ್ಯ ಅವರಿಗೂ ಮತ್ತೆ ಬರಲಿಲ್ಲ. ಕೆಲವು ತಿಂಗಳು ಮಂಚದಲ್ಲೇ ಮಲಗಿದ್ದರು. ಮಂಚವನ್ನು ರಸ್ತೆಯ ಕಡೆಯ ಕಿಟಕಿಗೆ ಹಾಕಬೇಡಿ, ಹೊರಗೆ ನೋಡಲಿಕ್ಕೆ ಎಂತ ಉಂಟು ಎಂದು ಹೇಳಿ ಬೇರೆ ಬದಿಗೆ ಹಾಕಿಸಿಕೊಂಡರು. ಹಾಗೆಯೇ ಹೋದರು.

ಮಗಳಿಗೆ ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು, ಮಗು ದಿನಾ ಓಡಾಡಬೇಕು, ಆಡಬೇಕು ಎಂದರು. ಎಲ್ಲಿ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಭಾನುವಾರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೂಡುಬಿದಿರೆಯ ಮೈದಾನಕ್ಕೆ ನಡೆಸಲು ಹೋಗುತ್ತೇವೆ. ನಡೆಯಲು ಕಾರು. ಯಜಮಾನರು ಇದ್ದಿದ್ದರೆ ಇದನ್ನು ಕೇಳಿ ಏನು ಹೇಳುತ್ತಿದ್ದರು ಎಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ.

ಬೊಜ್ಜ ಮುಗಿಸಿ ಬಂದ ಸಂಜೆ, ಮೈಕಿನ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಆ ಹಳದಿ ಬಾಲು ಇಟ್ಟಲ್ಲೇ ಇದೆ. ಆಸ್ಪತ್ರೆಯಲ್ಲಿ ಅವರೊಡನೆ ಕೊಟ್ಟೆ ಎಂದದ್ದು ನಿಜ, ನಾನು ಕೊಟ್ಟಿದ್ದೆ, ಮಗಳು ಕೈ ಚಾಚಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ ಎಂದು ಮಗಳನ್ನು ಜಗಲಿಯಲ್ಲಿ ಹತ್ತಿರ ಕೂರಿಸಿಕೊಂಡೆ. ಅಜ್ಜನಿಗೆ ಆದದ್ದು ನಿನ್ನಿಂದ ಅಲ್ಲ, ದೈವದ ಸಿಟ್ಟೂ ಅಲ್ಲ, ಆ ಕಲ್ಲು ನಿಮ್ಮ ವಿಕೆಟ್ಟು, ಅಜ್ಜನೇ ಅಲ್ಲಿ ಇಟ್ಟದ್ದು, ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಬಾಲನ್ನು ತೆಗೆದು ಅವಳ ಮಡಿಲಲ್ಲಿ ಇಟ್ಟೆ. ಹೋಗು, ಒಂದು ಸಲ ಗೋಡೆಗಾದರೂ ಹೊಡೆದು ಬಾ, ನಾನು ಬರುತ್ತೇನೆ ಜೊತೆಗೆ ಎಂದೆ.

ಅವಳು ಬಾಲನ್ನು ಮುಟ್ಟದೆ ಲಂಗದ ಅಂಚು ಎತ್ತಿ ಕೆಳಗೆ ಉರುಳಿಸಿದಳು. ಅದು ಹೋಗಿ ಗೇಟಿಗೆ ತಾಗಿ ನಿಂತಿತು.

"ಗೊತ್ತುಂಟು ಅಮ್ಮ. ಆ ಕಲ್ಲಿಗೆ ಬಾಲ್ ಬಿದ್ದು ನಾನು ಎಷ್ಟು ಸಲ ಔಟ್ ಆಗಿದ್ದೇನೆ. ನನಗೆ ಗೊತ್ತಿಲ್ವಾ?" ಎಂದಳು. ಲಂಗದ ಅಂಚು ಸರಿಮಾಡಿಕೊಂಡು, "ಆದ್ರೂ ಬೇಡ" ಎಂದಳು.

ಎದ್ದು ಒಳಗೆ ಹೋದಳು. ನಾನು ಬಾಲನ್ನು ಹೆಕ್ಕಿ ತಂದು ಮತ್ತೆ ಸ್ಟ್ಯಾಂಡಿನ ಮೇಲೆ ಇಟ್ಟೆ.